ಕಿವಿಯಿಂದ ಆರಿಸಿದ ಇಂಜಿನ್ನು

ನಮ್ಮ ಮಾವನವರಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಅವರ ಕಿವಿಗೆ ಗಂಡಸಿ ಹೋಬಳಿಯಲ್ಲೇ ಸಾಟಿ ಇರಲಿಲ್ಲ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಲು ಬಿಟ್ಟ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸುವರು. ಕುಳಕುಳ ಎಂದರೆ ಒಳಗೆ ಇನ್ನೂ ನೀರಿದೆ, ಕಾಯಿ ವಾಪಸ್ಸು ಅಟ್ಟಕ್ಕೆ. ಗಡಗಡ ಎಂದರೆ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಉರುಳುತ್ತಿದೆ, ಸುಲಿಯಬಹುದು. ತೋಟದವರು ಏನೇ ಹೇಳಲಿ, ಅವರು ನಂಬುತ್ತಿದ್ದದ್ದು ಕಿವಿಯನ್ನೇ. ಕೊಬ್ಬರಿ ವ್ಯಾಪಾರ ಅವರದು, ಅರಸೀಕೆರೆ ಮಂಡಿಯಲ್ಲಿ ಅವರ ಮೂಟೆಗಳನ್ನು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಇದೇ ಹೆಚ್ಚುಗಾರಿಕೆ ಮುಂದೆ ನಮ್ಮ ಮನೆಗೆ ಒಂದು ಇಂಜಿನ್ನನ್ನು ತಂದು ಹಾಕಿತು.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಅರಸೀಕೆರೆಯಲ್ಲಿ ಬೆಳೆದವಳು, ಟೀಚರ್ ತರಬೇತಿ ಮುಗಿಸಿದ್ದವಳು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ಮದುವೆಯಾದ ಎರಡನೆಯ ವರ್ಷಕ್ಕೆ ನನಗೆ ಪ್ರಾಥಮಿಕ ಶಾಲೆಯ ಕೆಲಸದ ಆರ್ಡರು ಬಂತು. ಶಾಲೆಯಿದ್ದ ಊರು ನಮ್ಮ ಗಂಡಸಿಯಿಂದ ಏಳು ಮೈಲಿ, ಬರೀ ಗಾಡಿ ಜಾಡು, ನಡುವೆ ಒಂದು ಹಳ್ಳ. ಬಸ್ಸಿನ ಮುಖವನ್ನೇ ಕಾಣದ ಊರು. ಅಷ್ಟು ವರ್ಷ ಆ ಶಾಲೆಗೆ ಒಬ್ಬ ಹುಡುಗಿಯೂ ಬಂದಿರಲಿಲ್ಲವಂತೆ. ನಾನು ಹೋಗಿ ಕೂತ ಮೂರು ತಿಂಗಳಿಗೆ ಹನ್ನೊಂದು ಹುಡುಗಿಯರು ಬಂದರು. ಅವರಲ್ಲಿ ಅರ್ಧ ಜನ ಬಂದದ್ದು ಅಕ್ಷರಕ್ಕಲ್ಲ, ಜೀಪಿನಿಂದ ಇಳಿಯುವ ಹೆಂಗಸನ್ನು ನೋಡಲಿಕ್ಕೆ. ಬಂದವರನ್ನು ನಾನು ಬಿಡಲಿಲ್ಲ.

ಜೀಪು ಮಾವನವರದು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಪೆಟ್ರೋಲ್ ಜೀಪು, ಎರಡು ಮೂರು ಕೈ ಬದಲಾಗಿ ನಮಗೆ ಸಿಕ್ಕಿತ್ತು. ಲಾರಿ ಹೋಗಲಾರದ ತೋಟಗಳಿಂದ ಕೊಬ್ಬರಿ ಮೂಟೆ ತರಲಿಕ್ಕೆ ಅದನ್ನು ಇಟ್ಟುಕೊಂಡಿದ್ದರು. ನಮ್ಮವರು ಬೆಳಿಗ್ಗೆ ನನ್ನನ್ನು ಶಾಲೆಯಲ್ಲಿ ಇಳಿಸಿ, ಆ ದಿಕ್ಕಿನ ತೋಟಗಳನ್ನೆಲ್ಲ ಸುತ್ತಿ, ಸಂಜೆ ಮೂಟೆಗಳ ಜೊತೆ ನನ್ನನ್ನೂ ತುಂಬಿಕೊಂಡು ಬರುವರು. ಮಾವನವರು ಕೆಲಸಕ್ಕೆ ಒಪ್ಪುವಾಗ ಹಾಕಿದ್ದು ಒಂದೇ ಷರತ್ತು. ದೇವರಿಗೆ ದೀಪ ಹಚ್ಚುವ ಹೊತ್ತಿಗೆ ನಾನು ಮನೆಯೊಳಗಿರಬೇಕು.

ಮೊದಲ ವರ್ಷವೇ ಎರಡು ಸಲ ತಪ್ಪಿತು. ಎರಡು ಸಲವೂ ಹಳ್ಳದ್ದೇ ಕಿತಾಪತಿ. ಮಳೆ ಬಂದು ನೀರು ಮೊಣಕಾಲು ದಾಟಿದರೆ ಸಾಕು, ನಮ್ಮ ಜೀಪು ನಡುಹಳ್ಳದಲ್ಲಿ ಕೆಮ್ಮಿ ನಿಂತುಬಿಡುತ್ತಿತ್ತು. ನಮ್ಮವರು ಬಾನೆಟ್ಟು ಎತ್ತಿ, ಒದ್ದೆಯಾದ ವೈರುಗಳನ್ನೂ ಪ್ಲಗ್ಗುಗಳನ್ನೂ ಪಂಚೆಯ ಅಂಚಿನಿಂದ ಒರೆಸುವರು. ಪಂಚೆ ನೆಂದ ಮೇಲೆ ನನ್ನ ಸೆರಗು. ಸೆರಗೂ ನೆಂದ ಮೇಲೆ ಇಬ್ಬರೂ ಮೂಟೆಗಳ ಮೇಲೆ ಕೂತು ಗಾಳಿಗೆ ಒಣಗಲಿ ಎಂದು ಕಾಯುವುದು. ಎರಡನೆಯ ಸಲ ಮನೆ ಮುಟ್ಟಿದಾಗ ದೀಪ ಹಚ್ಚಿ ಎಷ್ಟೋ ಹೊತ್ತಾಗಿತ್ತು. ಮಾವನವರು ಜಗಲಿಯಲ್ಲೇ ನಿಂತಿದ್ದರು. ಬೈಯಲಿಲ್ಲ. ಬೈದಿದ್ದರೆ ನಾನೂ ಒಂದೆರಡು ಮಾತು ಆಡಬಹುದಿತ್ತು.

"ಇನ್ನೊಂದ್ಸಲ ಹಿಂಗಾದ್ರೆ ಕೆಲ್ಸ ಸಾಕು ಮಾಡ್ಬಿಡವ್ವ," ಎಂದರು. "ದೀಪ ಹಚ್ಚೋ ಹೊತ್ನಾಗೆ ಮನೆ ಹೆಣ್ಮಗಳು ಹಳ್ಳದಾಗವ್ಳೆ ಅಂದ್ರೆ ನನ್ಗೆ ಅನ್ನ ಒಳಕ್ಕೆ ಇಳಿಯಾಕಿಲ್ಲ."

ಮೂರನೆಯ ಸಲವೇ ಕೊನೆ ಎಂದು ಅಲ್ಲಿಗೆ ತೀರ್ಮಾನವಾಯಿತು. ಅವರು ಆಡಿದ ಮಾತಿಗೆ ತಪ್ಪುವವರಲ್ಲ. ಅಂದಿನಿಂದ ಆಕಾಶದಲ್ಲಿ ಅಂಗೈಯಗಲ ಮೋಡ ಕಂಡರೆ ಸಾಕು, ಮಗ್ಗಿ ಹೇಳಿಸುತ್ತಾ ಕಿಟಕಿ ನೋಡುತ್ತಿದ್ದೆ.

ಬೇಸಿಗೆ ಬರುವ ಹೊತ್ತಿಗೆ ಆ ಇಂಜಿನ್ನೇ ಕೈಕೊಟ್ಟಿತು. ಪೆಟ್ರೋಲಿಗಿಂತ ಆಯಿಲ್ಲನ್ನೇ ಹೆಚ್ಚಾಗಿ ಕುಡಿಯುತ್ತಿತ್ತು, ಹಿಂದೆ ನೀಲಿ ಹೊಗೆ. ಅರಸೀಕೆರೆ ಸ್ಟೇಷನ್ನಿನ ಹಿಂದೆ ಷೆಡ್ಡು ಹಾಕಿಕೊಂಡಿದ್ದ ಮೇಸ್ತ್ರಿ, ಹಿಂದೆ ಮಿಲಿಟರಿಯಲ್ಲಿ ಗಾಡಿ ರಿಪೇರಿ ಮಾಡಿದವನು, ಬಿಚ್ಚಿ ನೋಡಿ ಇದಕ್ಕೆ ಇನ್ನು ಔಷಧಿ ಇಲ್ಲ, ಬೇರೆ ಇಂಜಿನ್ನು ಕೂರಿಸಿ ಎಂದ. ಎರಡು ದಾರಿ ತೋರಿಸಿದ. ಇಂಥದ್ದೇ ಇನ್ನೊಂದು ಮಿಲಿಟರಿ ಜೀಪಿನ ಪೆಟ್ರೋಲ್ ಇಂಜಿನ್ನು ಅವನ ಷೆಡ್ಡಿನಲ್ಲೇ ಇತ್ತು. ಇಲ್ಲವೆಂದರೆ ಬೇಲೂರಿನಲ್ಲಿ, ಘಾಟಿಯಲ್ಲಿ ಮಗುಚಿಕೊಂಡ ಕಾಫಿ ತೋಟದ ವ್ಯಾನಿನಿಂದ ತೆಗೆದ ಡೀಸೆಲ್ ಇಂಜಿನ್ನು ಮಾರಾಟಕ್ಕಿತ್ತು.

ಮನೆಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ ಎನ್ನುವ ಹಾಗಾಯಿತು. ನಮ್ಮವರಿಗೆ ಪೆಟ್ರೋಲೇ ಬೇಕು. ಹಗುರ, ಒಂದೇ ಏಟಿಗೆ ಸ್ಟಾರ್ಟು, ಇದ್ದ ಜಾಗದಲ್ಲಿ ಹಾಗೇ ಕೂರುತ್ತದೆ. ಡೀಸೆಲ್ಲಾದರೆ ಭಾರಕ್ಕೆ ಮುಂದಿನ ಸ್ಪ್ರಿಂಗಿನ ಕಮಾನು ಪಟ್ಟಿಗಳು ಬಗ್ಗುತ್ತವೆ, ಉದ್ದ ಹೆಚ್ಚಾಗಿ ರೇಡಿಯೇಟರನ್ನು ಮುಂದಕ್ಕೆ ಸರಿಸಬೇಕು, ಬ್ಯಾಟರಿ ಬದಲಾಯಿಸಬೇಕು, ಚಳಿಗಾಲದಲ್ಲಿ ಗೋಗರೆದರೂ ಏಳುವುದಿಲ್ಲ. ಮನೆಗೆ ಬಂದಿದ್ದ ಮೇಸ್ತ್ರಿ ಇದನ್ನೆಲ್ಲ ಒಪ್ಪಿದ. ಒಪ್ಪಿ, ಇನ್ನೊಂದು ಮಾತು ಸೇರಿಸಿದ. ಪೆಟ್ರೋಲು ಉರಿಯುವುದು ಪ್ಲಗ್ಗಿನ ಕಿಡಿಯಿಂದ, ನೀರು ಬಿದ್ದರೆ ಕಿಡಿ ಸತ್ತಿತು. ಡೀಸೆಲ್ಲಿಗೆ ಕಿಡಿಯೇ ಬೇಡ, ಗಾಳಿಯನ್ನು ಒತ್ತಿದ ಶಾಖಕ್ಕೇ ಹೊತ್ತಿಕೊಳ್ಳುತ್ತದೆ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ನನ್ನ ಮಟ್ಟಿಗೆ ಅಲ್ಲಿಗೇ ಮುಗಿಯಿತು. ಬೆಳಿಗ್ಗೆ ತಡವಾದರೆ ಹೆಡ್‌ಮೇಷ್ಟ್ರು ಗೊಣಗುತ್ತಾರೆ, ಗೊಣಗಲಿ. ಸಂಜೆ ತಡವಾದರೆ ಕೆಲಸವೇ ಹೋಗುತ್ತದೆ. ಆದರೆ ಇಂಜಿನ್ನಿನ ವಿಷಯದಲ್ಲಿ ಸೊಸೆಯ ಮಾತು ಯಾರಿಗೆ ಬೇಕು? ಮಾವನವರು ಇಬ್ಬರ ವಾದವನ್ನೂ ಕೇಳಿ ಎಲೆ ಅಡಿಕೆ ಉಗಿದು ಬಂದರು. ಎರಡನ್ನೂ ಕಿವಿಯಾರೆ ಕೇಳಿ ಆಮೇಲೆ ಹೇಳುತ್ತೇನೆ ಎಂದರು.

ಬೇಸಿಗೆ ರಜೆ ನಡೆಯುತ್ತಿತ್ತು. ಬೇಲೂರಿನ ಗುಡಿ ನೋಡಿ ಎಷ್ಟು ವರ್ಷವಾಯಿತು ಎಂದು ಅತ್ತೆಯವರ ಹತ್ತಿರ ರಾಗ ಎಳೆದು ನಾನೂ ಜೊತೆಗೆ ಹೊರಟೆ. ನನ್ನ ನಸೀಬು ತೀರ್ಮಾನವಾಗುವ ಜಾಗದಲ್ಲಿ ನಾನಿಲ್ಲದೆ ಇರಲು ಸಾಧ್ಯವೇ ಇರಲಿಲ್ಲ. ತೋಟಗಳ ಕೆಲಸ ನೋಡಲು ನಮ್ಮವರು ಊರಲ್ಲೇ ಉಳಿದರು.

ಮೊದಲು ಅರಸೀಕೆರೆ. ಮೇಸ್ತ್ರಿ ಪೆಟ್ರೋಲ್ ಇಂಜಿನ್ನನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ ಇಟ್ಟಿದ್ದ. ಗೂಡ್ಸ್ ಗಾಡಿಯೊಂದು ಹಾದುಹೋಗುತ್ತಿತ್ತು. ಅದು ಪೂರ್ತಿ ಹೋಗಿ ಸದ್ದಡಗುವವರೆಗೆ ಮಾವನವರು ಇಂಜಿನ್ನು ಶುರು ಮಾಡಲು ಬಿಡಲಿಲ್ಲ. ಆಮೇಲೆ ಬಗ್ಗಿ ಕಿವಿ ಕೊಟ್ಟರು. ಅದು ಎಷ್ಟು ಮೆತ್ತಗೆ ಓಡುತ್ತಿತ್ತೆಂದರೆ ಪಕ್ಕದಲ್ಲಿ ನಿಂತು ಪಿಸುಮಾತು ಆಡಬಹುದಿತ್ತು. ಮೇಸ್ತ್ರಿಯ ಮುಖದಲ್ಲಿ ಹೆಮ್ಮೆ. ಮಾವನವರು ತಲೆ ಅಲ್ಲಾಡಿಸಿದರು.

"ಇದರಾಗೆ ಇನ್ನೂ ನೀರೈತೆ," ಎಂದರು.

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಹಳಿಗಳ ಕಡೆ ನೋಡಿದೆ.

ಮೇಸ್ತ್ರಿಯನ್ನೂ ಕರೆದುಕೊಂಡು ಬಸ್ಸಿನಲ್ಲಿ ಬೇಲೂರಿಗೆ ಹೋದೆವು. ಗುಡಿಗೆ ನನಗೆ ಸಿಕ್ಕಿದ್ದು ಕಾಲು ಗಂಟೆ. ಜನ ಎಲ್ಲೆಲ್ಲಿಂದಲೋ ಬಂದು ದಿನಗಟ್ಟಲೆ ನೋಡುವ ಶಿಲ್ಪವನ್ನು ನಾನು ಓಡುತ್ತಾ ನೋಡಿ, ಇಂಜಿನ್ನಿದ್ದ ಊರಾಚೆಯ ಷೆಡ್ಡಿಗೆ ಏದುಸಿರು ಬಿಡುತ್ತಾ ಬಂದೆ. ಸರಿಯಾದ ಹೊತ್ತಿಗೇ ಬಂದೆ. ಬ್ಯಾಟರಿಗಳನ್ನು ಕಟ್ಟಿ ಇಂಜಿನ್ನು ತಿರುಗಿಸಿದರು. ಒಂದು ಸಲ ನರಳಿತು, ಎರಡು ಸಲ ನರಳಿತು, ಆಮೇಲೆ ಕಪ್ಪು ಹೊಗೆ ಉಗುಳಿ ಗಡಗಡಗಡ ಎಂದು ಶುರುವಾಯಿತು ನೋಡಿ, ಷೆಡ್ಡಿನ ತಗಡಿನ ಮೇಲಿದ್ದ ಕಾಗೆಗಳೆಲ್ಲ ಹಾರಿಹೋದವು. ಮಾವನವರ ಮುಖ ಅರಳಿತು. ಅಂಥ ಮುಖವನ್ನು ನಾನು ಅವರು ಒಳ್ಳೆಯ ಅಟ್ಟವೊಂದನ್ನು ಹತ್ತಿದಾಗ ಮಾತ್ರ ಕಂಡಿದ್ದೆ. ಗಡಗಡ ಅನ್ನದ ಕಾಯನ್ನು ಅವರು ಜೀವಮಾನದಲ್ಲಿ ಕೊಂಡವರಲ್ಲ. ಚೌಕಾಸಿ ಟವೆಲಿನ ಕೆಳಗೆ ಬೆರಳುಗಳಲ್ಲೇ ಮುಗಿಯಿತು. ಅದೂ ಕೊಬ್ಬರಿ ವ್ಯಾಪಾರದ ರೀತಿಯಲ್ಲೇ.

ಇಂಜಿನ್ನನ್ನು ಬಾಡಿಗೆ ಲಾರಿಗೆ ಹೇರಿ ನಾವೂ ಅದರಲ್ಲೇ ವಾಪಸ್ಸು ಹೊರಟೆವು. ಹಳೇಬೀಡಿನ ಹತ್ತಿರ ಹುಲಿಕೆರೆಯ ಬಳಿ ಲಾರಿಯ ರೇಡಿಯೇಟರು ಕುದಿಯತೊಡಗಿ ನಿಲ್ಲಿಸಬೇಕಾಯಿತು. ಮೇಸ್ತ್ರಿ ಬಕೆಟ್ಟು ಹಿಡಿದು ಮೆಟ್ಟಿಲು ಕೊಳಕ್ಕೆ ಇಳಿದ. ಕಾಲು ತೊಳೆಯುವ ನೆಪದಲ್ಲಿ ನಾನೂ ಇಳಿದೆ. ಮಾವನವರು ಮೇಲಿನ ಮೆಟ್ಟಿಲಲ್ಲಿ ಕೂತು ನೆಮ್ಮದಿಯಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಆ ಸದ್ದು ಡೀಸೆಲ್ಲಿನ ಹುಟ್ಟುಗುಣ ಕಣಮ್ಮ," ಎಂದ ಮೇಸ್ತ್ರಿ ತಗ್ಗಿದ ದನಿಯಲ್ಲಿ. "ಸಾವ್ಕಾರ್ರು ತೆಂಗಿನಕಾಯಿ ಲೆಕ್ಕ ಹಾಕವ್ರೆ. ಒಳ್ಳೇ ಪೆಟ್ರೋಲ್ ಇಂಜಿನ್ನ ಬಿಟ್ಟು ಬಂದ್ರು. ಇನ್ನೂ ಲಾರಿಯಿಂದ ಇಳಿಸಿಲ್ಲ, ವಾಪಸ್ ಕೊಡಬೌದು. ನೀವಾದ್ರೂ ಒಂದು ಮಾತು ಹೇಳಿ."

ಹಳ್ಳದ ನೀರಿನಲ್ಲಿ ಇದು ನಿಲ್ಲುತ್ತದೆಯೇ ಎಂದು ಕೇಳಿದೆ. ಗಾಳಿ ಎಳೆಯುವ ಅದರ ಮೂಗು ನೀರಿನ ಮೇಲಿರುವವರೆಗೂ ನಿಲ್ಲುವುದಿಲ್ಲ ಎಂದ. ನಾನು ಕಾಲು ತೊಳೆದುಕೊಂಡೆ. ಮಾವನವರು ತಪ್ಪು ಕಾರಣಕ್ಕೆ ನನಗೆ ಬೇಕಾದ್ದನ್ನೇ ಆರಿಸಿದ್ದರು. ಅದನ್ನು ತಿದ್ದಲು ನನಗೇನು ಹುಚ್ಚೇ? ಮೆಟ್ಟಿಲು ಹತ್ತಿ ಅವರ ಪಕ್ಕ ನಿಂತೆ, ಬಾಯಿ ಬಿಡಲಿಲ್ಲ. ಆ ಮೌನ ಆಮೇಲೆ ನನ್ನನ್ನು ಸಾಕಷ್ಟು ಚುಚ್ಚಿತು.

ಷೆಡ್ಡಿನಲ್ಲಿ ಬಿಚ್ಚಿದಾಗ ಒಳಗಿನ ಒಂದು ಬೇರಿಂಗು ಪೂರ್ತಿ ಸವೆದಿರುವುದು ಗೊತ್ತಾಯಿತು. ಅಂದರೆ ಆ ಗಡಗಡದಲ್ಲಿ ಹುಟ್ಟುಗುಣ ಮುಕ್ಕಾಲು, ರೋಗ ಕಾಲು. ಬೇರಿಂಗು ಹಾಕಿದ ಮೇಲೆ ಸದ್ದು ಸ್ವಲ್ಪ ಇಳಿಯಿತು. ಮಾವನವರು ಮಾತ್ರ, ಎಂಥ ಒಳ್ಳೆಯ ಅಟ್ಟದಲ್ಲೂ ಒಂದೆರಡು ಕೆಟ್ಟ ಕಾಯಿ ಇದ್ದೇ ಇರುತ್ತವೆ ಎಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಕಮಾನಿಗೆ ಪಟ್ಟಿ ಸೇರಿಸಿ, ರೇಡಿಯೇಟರು ಸರಿಸಿ, ಮುಚ್ಚಲು ಬಾರದ ಬಾನೆಟ್ಟಿಗೆ ಒಂದು ಹಗ್ಗ ಬಿಗಿದು, ಶಾಲೆ ತೆರೆಯುವ ಎರಡು ದಿನ ಮೊದಲು ಜೀಪು ಮನೆಗೆ ಬಂತು. ನಾನು ಅದರ ಮುಂದೆ ಒಂದು ನಿಂಬೆಹಣ್ಣು ಇಟ್ಟು, ಮನಸ್ಸಿನಲ್ಲೇ ಹಳ್ಳ, ಹಳ್ಳ ಎಂದು ಬೇಡಿಕೊಂಡೆ.

ಹಳ್ಳದಲ್ಲಿ ಅದು ಒಮ್ಮೆಯೂ ನಿಲ್ಲಲಿಲ್ಲ. ಜುಲೈನಲ್ಲಿ ನೀರು ನಮ್ಮ ಕಾಲಡಿಯ ತಗಡಿಗೆ ಬಂದು ನನ್ನ ಚಪ್ಪಲಿಗಳು ತೇಲಿದವು. ನಮ್ಮವರು ಫ್ಯಾನು ನೀರು ಎರಚದಿರಲೆಂದು ದಡದಲ್ಲೇ ಅದರ ಬೆಲ್ಟು ಬಿಚ್ಚಿಟ್ಟು, ಮೊದಲನೇ ಗೇರಿಗೆ ಹಾಕಿ, ಹಲ್ಲು ಕಚ್ಚಿ ಕೂತರು. ಇಂಜಿನ್ನು ಗಡಗಡ ಎನ್ನುತ್ತಾ ಎಮ್ಮೆ ನೀರು ದಾಟುವ ಹಾಗೆ ನಿಧಾನವಾಗಿ ಆಚೆ ದಡ ಹತ್ತಿತು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಜೋರಾಗಿ ನಕ್ಕೆ. ಪೆಟ್ರೋಲೇ ಬೇಕೆಂದು ಕೂತಿದ್ದ ನಮ್ಮವರೂ ನಕ್ಕರು. ಅದರ ದೋಷ ಬೇರೆ. ಮೊದಲಿಗಿಂತ ನಿಧಾನ, ದಿನ್ನೆ ಹತ್ತುವಾಗ ಎತ್ತಿನ ಗಾಡಿಯವರು ಹಿಂದೆ ತಿರುಗಿ ನೋಡಿ ದಾರಿ ಬಿಡುವಷ್ಟು ಗಲಾಟೆ. ಮನೆಗೆ ಹೋಗುವಷ್ಟರಲ್ಲಿ ನನ್ನ ತಲೆ ಸಿಡಿಯುತ್ತಿತ್ತು. ಸ್ವಲ್ಪ ಮೆತ್ತಗೆ ಓಡಿಸಿ ಎಂದು ನಾನು ದಿನಾ ಗಂಟು ಮುಖ ಹಾಕುತ್ತಿದ್ದೆ.

ಆಮೇಲೆ ಬಂತು ಆಗಸ್ಟಿನ ಒಂದು ಸಂತೆ ದಿನ. ಮಂಡಿಯಲ್ಲಿ ಖರೀದಿದಾರರ ಕಡೆಯವನೊಬ್ಬ ನಮ್ಮ ಮೂಟೆಯ ಕೊಬ್ಬರಿಯನ್ನು ಮೂಗಿಗೆ ಹಿಡಿದು, ಒಂದು ಚೂರು ಬಾಯಿಗೆ ಹಾಕಿ ಉಗಿದುಬಿಟ್ಟನಂತೆ. ಡೀಸೆಲ್ ವಾಸನೆ. ಮೇಸ್ತ್ರಿ ಹೊಸದಾಗಿ ಮಾಡಿ ಹಾಕಿದ್ದ ಹೊಗೆ ಕೊಳವೆಯ ಬೆಸುಗೆಯಿಂದ ಹೊಗೆ ಸೋರಿ ಹಿಂದಿನ ಮೂಟೆಗಳಿಗೆ ಹಿಡಿದಿತ್ತು. ಕೊಬ್ಬರಿ ಪಕ್ಕದಲ್ಲಿ ಏನಿಟ್ಟರೂ ಅದರ ವಾಸನೆ ಹೀರಿಕೊಳ್ಳುತ್ತದೆ. ಆ ದಿನ ಮಾವನವರ ಅಷ್ಟೂ ಮೂಟೆಗಳನ್ನು ಮಂಡಿಯವರ ಎದುರಿಗೆ ಬಿಚ್ಚಿ ಒಂದೊಂದಾಗಿ ಮೂಸಿದರು. ಕೊಳವೆಯನ್ನು ಮತ್ತೆ ಬೆಸೆದು, ಉದ್ದ ಮಾಡಿ, ಮೇಲಕ್ಕೆ ತಿರುಗಿಸಿಯೂ ನೋಡಿದ್ದಾಯಿತು. ವಾಸನೆ ಪೂರ್ತಿ ಬಿಡಲಿಲ್ಲ.

ಮಾವನವರು ಎರಡು ದಿನ ಮಂಡಿಯ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ನಮ್ಮವರು ಜಗಲಿಯಲ್ಲಿ ಕೂತು ವಿಷಯ ತೆಗೆದರು. ಆ ಪೆಟ್ರೋಲ್ ಇಂಜಿನ್ನು ಇನ್ನೂ ಷೆಡ್ಡಿನಲ್ಲೇ ಇದೆ, ಇದನ್ನು ಕೊಟ್ಟು ಅದನ್ನು ಹಾಕಿಸೋಣ, ಹೆಸರು ಮುಖ್ಯ ಎಂದರು. ಅವರು ಹೇಳಿದ್ದು ಸರಿಯೇ. ನಾನು ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಜರಡಿಯನ್ನು ಕೆಳಗಿಟ್ಟೆ. ಮಳೆಗಾಲ ಇನ್ನೂ ಅರ್ಧ ಬಾಕಿ ಇತ್ತು, ಹಳ್ಳ ತುಂಬಿ ಹರಿಯುತ್ತಿತ್ತು. ಆ ಹನ್ನೊಂದು ಹುಡುಗಿಯರಲ್ಲಿ ಹಿಂದೆ ಬಿದ್ದಿದ್ದ ಇಬ್ಬರೂ ಆ ವಾರವಷ್ಟೇ ತಮ್ಮ ಹೆಸರು ಬರೆಯಲು ಕಲಿತಿದ್ದರು.

ತಡೆಯಲಾರದೆ ಹೊರಗೆ ಬಂದೆ. ಹುಲಿಕೆರೆಯ ಕೊಳದಲ್ಲಿ ಮೇಸ್ತ್ರಿ ಹೇಳಿದ್ದನ್ನೂ, ನನಗೆ ಹಳ್ಳ ದಾಟಿದರೆ ಸಾಕೆಂದು ಅದನ್ನು ಮುಚ್ಚಿಟ್ಟದ್ದನ್ನೂ ಹೇಳಿಬಿಟ್ಟೆ. ತಪ್ಪು ನನ್ನದು, ಮಂಡಿಯಲ್ಲಿ ನಿಮ್ಮ ತಲೆ ತಗ್ಗುವ ಹಾಗಾಯಿತು ಎಂದೆ. ಅಳಬಾರದೆಂದು ಎಷ್ಟು ಬಿಗಿ ಹಿಡಿದರೂ ಅಳು ಬಂದೇಬಿಟ್ಟಿತು.

ಮಾವನವರು ಅಂಗಳದಲ್ಲಿ ನಿಂತಿದ್ದ ಜೀಪಿನ ಕಡೆ ನೋಡಿದರು.

"ಕೊಬ್ರಿ ಎತ್ತಿನ ಗಾಡೀಲೂ ಬತ್ತದೆ," ಎಂದರು. "ನಮ್ಮಪ್ಪನ ಕಾಲದಿಂದ ಹಂಗೇ ಬಂದೈತೆ. ಮೇಷ್ಟ್ರಮ್ಮನ್ನ ಎತ್ತಿನ ಗಾಡೀಲಿ ಕಳಿಸಿದ್ರೆ ಹೊತ್ತಿಗೆ ಬರಾಕಾಯ್ತದಾ? ಇಂಜಿನ್ನು ಇರ್ಲಿ ಬಿಡಿ."

ಅಷ್ಟೇ. ಮೇಸ್ತ್ರಿಯ ಮಾತಿನ ಬಗ್ಗೆ ಅವರು ಏನೂ ಕೇಳಲಿಲ್ಲ. ಮಾರನೆಯ ವಾರದಿಂದ ಎರಡು ಎತ್ತಿನ ಗಾಡಿಗಳು ಮತ್ತೆ ತೋಟಗಳಿಗೆ ಹೋಗತೊಡಗಿದವು. ನಮ್ಮವರು ಜೀಪಿನಲ್ಲಿ ತೋಟ ಸುತ್ತಿ ಕಾಯಿ ನೋಡಿ ಬರುವರು, ಮೂಟೆ ಆಮೇಲೆ ಗಾಡಿಯಲ್ಲಿ ಬರುವುದು. ಮಂಡಿಯವರು ಕೆಲವು ತಿಂಗಳು ನಮ್ಮ ಮೂಟೆ ಬಿಚ್ಚಿ ಮೂಸುತ್ತಲೇ ಇದ್ದರು. ಮಾವನವರು ಪಕ್ಕದಲ್ಲೇ ನಿಂತು ಮೂಸಲು ಬಿಟ್ಟರು.

ಆ ಮಳೆಗಾಲದಲ್ಲಿ ಮೂರನೆಯ ಸಲ ಬರಲೇ ಇಲ್ಲ. ಎಷ್ಟೋ ಸಂಜೆ ನನಗೆ ಇವತ್ತು ಮುಗಿಯಿತು ಎನ್ನಿಸುತ್ತಿತ್ತು. ಕೆಸರಿನಲ್ಲಿ ತೆವಳಿ, ದಿನ್ನೆಯಲ್ಲಿ ಏದುಸಿರು ಬಿಟ್ಟು ಬರುವಷ್ಟರಲ್ಲಿ ಮರಗಳು ಕಪ್ಪಾಗಿರುತ್ತಿದ್ದವು. ಆದರೆ ಅಂಗಳಕ್ಕೆ ಬಂದು ಇಳಿದು ಕಾಲು ತೊಳೆದು ಒಳಗೆ ಹೋದರೆ ಅತ್ತೆಯವರು ಆಗಷ್ಟೇ ಬತ್ತಿ ಹೊಸೆದು ಬೆಂಕಿಪೊಟ್ಟಣ ಹುಡುಕುತ್ತಿರುವರು. ನನ್ನ ಅದೃಷ್ಟ ಗಟ್ಟಿ ಎಂದು ನಾನು ಬೀಗುತ್ತಿದ್ದೆ.

ದಸರಾ ರಜೆ ಬಂತು. ರಜೆಯ ಮೊದಲ ಸಂಜೆ ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ತೆಂಗಿನ ಗರಿಗಳ ತುದಿಯಲ್ಲಿ ಬಿಸಿಲು ಇನ್ನೂ ಕೆಂಪಗಿತ್ತು. ಒಳಗೆ ಬಂದರೆ ದೇವರ ಮುಂದೆ ದೀಪ ಉರಿಯುತ್ತಿದೆ. ಇವತ್ತೇನು ವಿಶೇಷ, ಇಷ್ಟು ಬೇಗ ಹಚ್ಚಿದ್ದೀರಿ ಎಂದು ಅತ್ತೆಯವರನ್ನು ಕೇಳಿದೆ.

"ದೀಪ ಹಚ್ಚೋ ಹೊತ್ತು ಇದೇ ಕಣವ್ವ," ಎಂದರು ಅವರು. "ಸ್ಕೂಲಿರೋ ದಿನ ನಿಮ್ಮಾವ ಬುಡಾಕಿಲ್ಲ. ತಡಿ, ಇಂಜಿನ್ ಸದ್ದು ಕೇಳ್ಲಿ, ಆಮೇಲೆ ಹಚ್ಚೀವಂತೆ ಅಂತಾರೆ. ಜಗಲಿ ಮೇಲೆ ಕಿವಿ ಕೊಟ್ಕಂಡು ಕೂತಿರ್ತಾರೆ. ದೇವ್ರು ನನ್ನ ಏನಂದ್ಕತಾನೋ."

ನಾನು ಬಟ್ಟೆಯ ರಾಶಿ ಹಿಡಿದುಕೊಂಡೇ ನಿಂತೆ. ದಿನ್ನೆಯ ಮೇಲಿನಿಂದ ನಮ್ಮ ಮನೆಗೆ ಒಂದೂವರೆ ಮೈಲಿ. ಮೆತ್ತಗಿನ ಪೆಟ್ರೋಲ್ ಇಂಜಿನ್ನಾಗಿದ್ದರೆ ಅಲ್ಲಿಂದ ಯಾವ ಕಿವಿಗೂ ಕೇಳುತ್ತಿರಲಿಲ್ಲ. ಹೊರಗೆ ಜಗಲಿಯಲ್ಲಿ ಮಾವನವರು ಒಂದು ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ನಾನು ಗೊತ್ತಾಯಿತೆಂದು ತೋರಿಸಿಕೊಳ್ಳಲಿಲ್ಲ. ನನಗೆ ಗೊತ್ತೆಂದು ಹೊರಬಿದ್ದರೆ ಅವರೇ ತಮ್ಮ ಷರತ್ತು ಮುರಿದಂತಾಗುತ್ತಿತ್ತು.

ರಜೆ ಮುಗಿದು ಶಾಲೆ ತೆರೆದ ದಿನ ಜೋರು ಮಳೆ. ವಾಪಸ್ಸು ಬರುವಾಗ ದಿನ್ನೆಯ ನೆತ್ತಿ ಮುಟ್ಟುವಷ್ಟರಲ್ಲಿ ಪೂರ್ತಿ ಕತ್ತಲೆ. ಕೆಳಗೆ ಊರಿನಲ್ಲಿ ಅಲ್ಲೊಂದು ಇಲ್ಲೊಂದು ದೀಪ ಕಾಣುತ್ತಿತ್ತು. ನಮ್ಮ ಮನೆಯ ಕಡೆ ಏನೂ ಇರಲಿಲ್ಲ. ನನ್ನ ತಲೆನೋವಿಗೆ ಹೆದರಿ ನಮ್ಮವರು ಎಂದಿನಂತೆ ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದರು.

"ಜೋರಾಗಿ ಒತ್ತಿ," ಎಂದೆ.

ಅವರು ಆಶ್ಚರ್ಯದಿಂದ ನನ್ನ ಕಡೆ ತಿರುಗಿದರು.

"ಒತ್ತೀಂದ್ರೆ. ಸದ್ದಾಗಲಿ."

ಇಂಜಿನ್ನು ಗಡಗಡ ಎಂದು ಅರಚಿಕೊಂಡಿತು. ನಾನು ಮುಂದಕ್ಕೆ ಬಗ್ಗಿ ಮಳೆಯ ಆಚೆಗೆ ನೋಡುತ್ತಾ ಕೂತೆ. ನಾವು ಇನ್ನೂ ಇಳಿಜಾರಿನಲ್ಲೇ ಇದ್ದಾಗ ನಮ್ಮ ಮನೆಯ ಕಿಟಕಿಯಲ್ಲಿ ದೀಪ ಹತ್ತಿತು.